ನೆಲಮಾಳಿಗೆಯ ಬಾಗಿಲಲ್ಲಿ ನಿಂತವಳು

"ಹುಷಾರು ಡಾಕ್ಟರಮ್ಮ, ಆ ಮೆಟ್ಟಿಲು ಅಲ್ಲಾಡುತ್ತೆ!"

ಹೋಟೆಲಿನ ಒಡತಿ ಕ್ನಾಪೆ ಮೇಲಿನ ಬಾಗಿಲಲ್ಲಿ ಲಾಂದ್ರ ಹಿಡಿದು ನಿಂತಿದ್ದಳು. ನಾನು ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ತಡವುತ್ತ ನೆಲಮಾಳಿಗೆಗೆ ಇಳಿಯುತ್ತಿದ್ದೆ.

"ಒಬ್ಬರು ಬಿದ್ದು ಸತ್ತಿದ್ದೇ ಸಾಕು. ನೀವೂ ಬಿದ್ರೆ ಆಮೇಲೆ ನಮ್ಮಲ್ಲಿ ಬಿಯರ್ ಕುಡಿಯೋಕೆ ಯಾರು ಬರ್ತಾರೆ ಹೇಳಿ?"

ಕೆಳಗೆ ಪೀಪಾಯಿಗಳು ಸಾಲಾಗಿದ್ದವು. ಕಲ್ಲುಹಾಸನ್ನು ಸೋಡ ಹಾಕಿ ತಿಕ್ಕಿ ತೊಳೆದಿದ್ದರು. ಹೋದ ಗುರುವಾರ ಸಂಜೆ ನನ್ನ ಗೆಳತಿ ಮಾಲ್ವೀನೆ ಷ್ಟೋಲ್ಟ್ಸೆ ಕುತ್ತಿಗೆ ಮುರಿದುಕೊಂಡು ಬಿದ್ದಿದ್ದು ಇದೇ ಕಲ್ಲಿನ ಮೇಲೆ. ನಮ್ಮ ಸಂಘದ ಸಭೆ ಚದುರಿದ ಗದ್ದಲದಲ್ಲಿ ಶಿಕ್ಷಕಿ ದಾರಿ ತಪ್ಪಿದಳು, ಜಾರಿದಳು, ಸತ್ತಳು. ಪೊಲೀಸರು ಇಷ್ಟು ಹೇಳಿ ಕೈತೊಳೆದುಕೊಂಡಿದ್ದರು. ಊರೂ ಅದನ್ನೇ ನಂಬಿತ್ತು. ನಂಬದೆ ಉಳಿದವಳು ನಾನೊಬ್ಬಳೇ.

ಮೇಲೆ ಹತ್ತಿ ಬಂದು ಬಾಗಿಲನ್ನು ನೋಡಿದೆ. ಸಭೆ ನಡೆಯುವ ಹಜಾರದ ಹಿಂದಿನ ಒಳ ಓಣಿಯಲ್ಲಿ ಎರಡು ಬಾಗಿಲುಗಳು ಎದುರುಬದುರು. ಎಡಗಡೆಯದು ಹಿತ್ತಿಲಿಗೆ, ಗಾಜಿನದು. ಬಲಗಡೆಯದು ನೆಲಮಾಳಿಗೆಗೆ, ಗಟ್ಟಿ ಮರದ್ದು, ಓಣಿಯ ಕಡೆಯಿಂದ ಕಬ್ಬಿಣದ ಅಗುಳಿ.

"ಆ ದಿನ ಅಗುಳಿ ಹಾಕಿತ್ತಾ?"

"ನನ್ನ ಗಂಡನೇ ಹಾಕಿದ್ದು. ಸಭೆ ಇದ್ದ ದಿನ ಹಾಕೇ ಹಾಕ್ತಾನೆ. ನಿಮ್ಮ ಹೆಂಗಸರು ಬಂದು ನನ್ನ ಬಿಯರ್ ಕದ್ದುಬಿಟ್ಟಾರು ಅಂತ!" ಎಂದು ನಕ್ಕಳು. ಆಮೇಲೆ ನಗುವುದು ತಪ್ಪೆನಿಸಿತೇನೋ, ಏಪ್ರನ್ನಿನಲ್ಲಿ ಬಾಯಿ ಒರೆಸಿಕೊಂಡಳು.

ಅಂದರೆ ಯಾರೋ ಅದನ್ನು ತೆಗೆದಿದ್ದರು. ಈ ಹೋಟೆಲು ಚೆನ್ನಾಗಿ ಗೊತ್ತಿದ್ದವರು ಬೇಕೆಂದೇ ತೆಗೆದಿರಬೇಕು, ಇಲ್ಲವೇ ಏನೂ ಗೊತ್ತಿಲ್ಲದವರು ಹಿತ್ತಿಲ ಬಾಗಿಲೆಂದುಕೊಂಡು ತೆಗೆದಿರಬೇಕು. ಮಾಲ್ವೀನೆ ಎರಡೂ ಅಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದವಳಿಗೆ ಆ ಬಾಗಿಲು ಯಾವುದು ಅಂತ ಗೊತ್ತಿತ್ತು. ತೆಗೆಯುವ ಕಾರಣ ಇರಲಿಲ್ಲ.

"ಅಂದ ಹಾಗೆ, ಇದನ್ನ ಕೊಡೋದು ಮರೆತಿದ್ದೆ," ಎಂದು ಕ್ನಾಪೆ ಏಪ್ರನ್ನಿನ ಜೇಬಿಗೆ ಕೈಹಾಕಿದಳು. "ಆಯಮ್ಮನದೇ ಅಲ್ವಾ?"

ಮಾಲ್ವೀನೆಯ ಕನ್ನಡಕ. ಒಂದು ಗೀರೂ ಇರಲಿಲ್ಲ.

"ಎಲ್ಲಿ ಸಿಕ್ತು?"

"ಇಲ್ಲೇ, ಬಾಗಿಲ ಪಕ್ಕದ ಗೂಡಲ್ಲಿ. ನಾವು ಮೇಣದಬತ್ತಿ ಇಡ್ತೀವಲ್ಲ, ಅಲ್ಲಿ. ನೀಟಾಗಿ ಮಡಚಿ ಇಟ್ಟಿದ್ರು. ಪೊಲೀಸಪ್ಪಂದಿರು ಕೆಳಗೆ ಹುಡುಕಿದ್ದೇ ಹುಡುಕಿದ್ದು, ಮೇಲೆ ಯಾರು ನೋಡ್ತಾರೆ?"

ಆ ಕನ್ನಡಕವಿಲ್ಲದೆ ಮಾಲ್ವೀನೆಗೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಗಾಬರಿಯಲ್ಲಿ ಓಡುವವಳು ಅದನ್ನು ತೆಗೆದು ಮಡಚಿ ಗೂಡಿನಲ್ಲಿ ಇಡುತ್ತಾಳೆಯೇ?

ಹಿಂದಿನ ಶರತ್ಕಾಲದಲ್ಲಿ ನನ್ನ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ಮಾಲ್ವೀನೆ ನನ್ನ ಕೋಣೆಗೆ ಬಂದಿದ್ದಳು. ಕನ್ನಡಕ ತೆಗೆದು ಮಡಚಿ ನನ್ನ ಮೇಜಿನ ಮೇಲಿಟ್ಟಳು. "ಚೌಕಟ್ಟು ಚುಚ್ಚುತ್ತೆ, ಅದಕ್ಕೆ," ಎಂದು ನನ್ನನ್ನು ಅಪ್ಪಿಕೊಂಡಳು. ಅದಾದ ಮೇಲೆ ಬರೀ ಕೈಕುಲುಕಿದ್ದು ಬಿಟ್ಟರೆ ನನ್ನನ್ನು ಯಾರೂ ಮುಟ್ಟಿಲ್ಲ.

ಮಾಲ್ವೀನೆ ಓಡುತ್ತಿರಲಿಲ್ಲ. ಈ ಬಾಗಿಲಲ್ಲಿ ಅವಳು ಯಾರನ್ನೋ ಅಪ್ಪಿಕೊಳ್ಳಲು ಹೊರಟಿದ್ದಳು.

*

ಕ್ನಾಪೆ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ಗಸಗಸೆ ಕೇಕಿನ ಒಂದು ತುಂಡು ಮುಂದಿಟ್ಟಳು.

"ಡಾಕ್ಟರಮ್ಮ, ಈ ಮಂಡಿನೋವಿಗೆ ಏನಾದ್ರೂ ಕೊಡ್ತೀರಾ?"

"ನಾನು ಕಾನೂನಿನ ಡಾಕ್ಟರು, ಕ್ನಾಪೆಯವರೇ."

"ಹಾಗಾದ್ರೆ ನನ್ನ ಗಂಡನಿಗೆ ಏನಾದ್ರೂ ಕೊಡಿ!"

ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಜ್ಯೂರಿಕ್ಕಿಗೆ ಹೋಗಿ ಓದಿ ಪದವಿ ತಂದವಳು ನಾನು, ಥೆಕ್ಲಾ ರೌಟೆನ್‌ಬರ್ಗ್. ಜರ್ಮನಿಯ ಯಾವ ನ್ಯಾಯಾಲಯವೂ ನನ್ನನ್ನು ಒಳಗೆ ನಿಂತು ವಾದಿಸಲು ಬಿಡುವುದಿಲ್ಲ. ಸಂಘದ ಸಲಹಾ ಕೋಣೆಯಲ್ಲಿ ಕೂತು, ಬಂದ ಹೆಂಗಸರಿಗೆ ಕಾನೂನು ಏನು ಹೇಳುತ್ತದೆ ಎಂದು ತಿಳಿಸುವುದಷ್ಟೇ ನನ್ನ ಕೆಲಸ. ಹೆಚ್ಚಾಗಿ ಅದು ಅವರ ವಿರುದ್ಧವೇ ಹೇಳುತ್ತದೆ.

ನಮ್ಮ ಪ್ರಷ್ಯದಲ್ಲಿ ಹೆಂಗಸರು, ಶಾಲೆಯ ಮಕ್ಕಳು, ಕಸುಬು ಕಲಿಯುವ ಹುಡುಗರು ರಾಜಕೀಯ ಸಂಘ ಸೇರುವಂತಿಲ್ಲ. ಅದಕ್ಕೇ ನಮ್ಮದು 'ಸ್ತ್ರೀಶಿಕ್ಷಣ ಹಿತೈಷಿ ಸಂಘ'. ಸಭೆ ನಡೆದಾಗ ವೇದಿಕೆಯ ಪಕ್ಕದ ಮೇಜಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಕೂರುತ್ತಾನೆ, ಹೆಲ್ಮೆಟ್ಟನ್ನು ಮುಂದೆ ಇಟ್ಟುಕೊಂಡು. ಹೊಲಿಗೆ ಶಾಲೆ, ಶಿಶುವಿಹಾರ ಅನ್ನುವವರೆಗೂ ಆಕಳಿಸುತ್ತಾನೆ. ಯಾರಾದರೂ ಮತದಾನದ ಸುದ್ದಿ ಎತ್ತಿದರೆ ಎದ್ದು ಹೆಲ್ಮೆಟ್ ಧರಿಸುತ್ತಾನೆ. ಧರಿಸಿದನೆಂದರೆ ಸಭೆ ಬರಖಾಸ್ತು, ಎಲ್ಲರೂ ಬೀದಿಗೆ.

"ಆ ಪೊಲೀಸಪ್ಪ, ವೀಗಾಂಟ್ ಅಂತ," ಎಂದು ಕ್ನಾಪೆ ದನಿ ತಗ್ಗಿಸಿದಳು. "ಗುರುವಾರ ಅವನ ಗತಿ ನೋಡಬೇಕಿತ್ತು. ಎಲ್ಲರನ್ನೂ ಆಚೆ ಅಟ್ಟಿದ. ತಾನು ಮಾತ್ರ ಹಿತ್ತಿಲಲ್ಲಿ ನಿಂತ. ಹಿಮ ಬೀಳ್ತಾ ಇದೆ, ತಲೆ ಮೇಲೆ ಏನೂ ಇಲ್ಲ. ಹೆಲ್ಮೆಟ್ಟು ಕಂಕುಳಲ್ಲಿ!"

"ನೀವು ನೋಡಿದ್ರಾ?"

"ಈ ಕಿಟಕಿಯಿಂದಲೇ. ಬಟಾಟೆ ಸುಲಿಯುತ್ತಾ ನೋಡ್ತಾನೇ ಇದ್ದೆ. ಕೂಗು ಕೇಳೋವರೆಗೂ ಅಲ್ಲಾಡಲಿಲ್ಲ. ಮೂವತ್ತು ವರ್ಷ ಹೋಟೆಲು ನಡೆಸಿದ್ದೀನಿ ಡಾಕ್ಟರಮ್ಮ. ಕೆಲಸಕ್ಕೆ ನಿಂತ ಗಂಡಸು ಯಾರು, ಕಾಯ್ತಾ ನಿಂತ ಗಂಡಸು ಯಾರು ಅಂತ ಗೊತ್ತಾಗಲ್ವಾ? ಮುಂಚೆಯೇ ಬಂದು ಎರಡು ಲೋಟ ಬಿಸಿ ಚಾಕೊಲೇಟ್ ಹೇಳಿಟ್ಟಿದ್ದ, ಪಕ್ಕದ ಪುಟ್ಟ ಕೋಣೆಗೆ. ಒಬ್ಬನೇ ಎರಡು ಲೋಟ ಕುಡೀತಾನಾ?"

*

ಫಿಲಿಪ್ಪಿನೆ ಆಡರ್‌ಹೋಲ್ಟ್ ನಮ್ಮ ಸಂಘದ ಅಧ್ಯಕ್ಷೆ. ವಕೀಲರ ವಿಧವೆ, ಊರಿನ ದೊಡ್ಡ ಮನೆತನ. ನನಗಿಂತ ಹದಿನೈದು ವರ್ಷ ದೊಡ್ಡವಳಾದರೂ ನಾವು ಏಕವಚನದ ಗೆಳತಿಯರು. ಶನಿವಾರ ಮಧ್ಯಾಹ್ನ ಅವಳ ಮನೆಯಲ್ಲಿ ಸಂಘದವರ ಕಾಫಿಕೂಟ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಯಾರೋ ಸಕ್ಕರೆ ಕಲಕುವ ಸದ್ದು ಮಾತ್ರ ಕೇಳಿಸಿತು.

ನಾನು ಕೂರಲು ಹೋದ ಕುರ್ಚಿಯ ಮೇಲೆ ಪಕ್ಕದವಳು ತನ್ನ ಶಾಲು ಇಟ್ಟಳು.

ಫಿಲಿಪ್ಪಿನೆ ನನ್ನ ತೋಳು ಹಿಡಿದು ಕಿಟಕಿಯ ಬಳಿ ಕರೆದುಕೊಂಡು ಹೋದಳು. "ಹೋಟೆಲಿಗೆ ಹೋಗಿದ್ದೆಯಂತೆ."

"ಮಾಲ್ವೀನೆ ಜಾರಿ ಬಿದ್ದಿದ್ದಲ್ಲ, ಫಿಲಿಪ್ಪಿನೆ. ಯಾರೋ ತಳ್ಳಿದ್ದಾರೆ."

"ಮೆಲ್ಲಗೆ ಮಾತಾಡು. ವಸಂತಕ್ಕೆ ಬರ್ಲಿನ್ನಿನಲ್ಲಿ ಹೊಸ ಕಾನೂನು ಪಾಸಾಗುತ್ತೆ. ನಾವೂ ರಾಜಕೀಯ ಸಂಘ ಸೇರಬಹುದು. ಈ ಊರಲ್ಲಿ ನಾನು ಎಷ್ಟು ವರ್ಷ ಇದಕ್ಕೆ ಕಾದಿದ್ದೀನಿ ನಿನಗೆ ಗೊತ್ತು. ಈಗ ಪತ್ರಿಕೆಯವರು 'ಹೆಂಗಸರ ಸಭೆಯಲ್ಲಿ ಕೊಲೆ' ಅಂತ ಬರೆದರೆ? ಇವರ ಕೈಗೆ ಸಂಘ ಕೊಟ್ಟರೆ ಹೀಗೇ ಆಗೋದು ಅಂತ ನಗಲ್ವಾ?"

"ನಗಲಿ. ಸತ್ತವಳು ನಮ್ಮವಳು."

"ನಮ್ಮವಳು ಅಂತ ನೀನು ಹೇಳ್ತೀಯಾ?" ಅವಳ ಕೆನ್ನೆ ಕೆಂಪಾಯಿತು. "ನನ್ನ ನಾದಿನಿ ಮನೆಯ ಕೆಲಸದವಳಿಗೆ ಸಲಹೆ ಕೊಟ್ಟು ನಮ್ಮ ಮನೆ ಮೇಲೇ ದೂರು ಕೊಡಿಸಿದೆಯಲ್ಲ, ಆಗ ನಾವು ನಿನ್ನವರಾಗಿರಲಿಲ್ವಾ?"

ಆ ಕೆಲಸದ ಹುಡುಗಿಗೆ ಒಡತಿ ಕಟ್ಟಿಗೆಯಲ್ಲಿ ಹೊಡೆದಿದ್ದಳು. ಹುಡುಗಿ ಓಡಿಹೋದಳು. ಓಡಿಹೋದ ಆಳನ್ನು ಪೊಲೀಸರು ಹಿಡಿದು ಒಡತಿಗೆ ಒಪ್ಪಿಸಬಹುದು, ಕಾನೂನೇ ಹಾಗಿದೆ. ಆ ಹುಡುಗಿ ನನ್ನ ಹತ್ತಿರ ಬಂದಳು. ನಾನೇನು ಮಾಡಬೇಕಿತ್ತು?

"ಒಂದು ಮಾತು ಹೇಳು," ಎಂದೆ. "ಗುರುವಾರ ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಕಳಿಸಿದೆ. ಬರ್ಲಿನ್ನಿನಿಂದ ಭಾಷಣಕಾರ್ತಿ ಬರ್ತಾಳೆ, ಎದುರುಗೊಂಡು ಕರಕೊಂಡು ಬಾ ಅಂತ. ಅಂಥವಳು ಯಾರೂ ಇರಲೇ ಇಲ್ಲ, ಅಲ್ವಾ?"

"ಗಾಡಿ ತಪ್ಪಿರಬೇಕು," ಎಂದಳು ಫಿಲಿಪ್ಪಿನೆ. ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಸಲಹಾ ಕೋಣೆಗೆ ಹೋದೆ. ಶನಿವಾರ ಅಂದರೆ ಸಾಮಾನ್ಯವಾಗಿ ಕಾರ್ಖಾನೆಯ ಹೆಂಗಸರು ಹೊರಗಿನ ಬೆಂಚಿನ ತುಂಬ ಕೂತಿರುತ್ತಿದ್ದರು. ಆ ದಿನ ಯಾರೂ ಬಂದಿರಲಿಲ್ಲ. ಒಲೆ ಹಚ್ಚಿದೆ. ಒಬ್ಬಳಿಗೋಸ್ಕರ ಇಷ್ಟು ಕಲ್ಲಿದ್ದಲು ಯಾಕೆಂದು ಆರಿಸಿದೆ. ಮಾಲ್ವೀನೆ ಕೂರುತ್ತಿದ್ದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಅದು ಇನ್ನೂ ಕೆಟ್ಟದಾಗಿ ಕಂಡಿತು. ಮತ್ತೆ ಮೊದಲಿನಂತೆಯೇ ಇಟ್ಟೆ.

*

ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ನಿಂತ ಮೇಲೆ ಸ್ಮಶಾನಕ್ಕೆ ಹೋದೆ. ಎರಡು ಲೋಟ ಚಾಕೊಲೇಟ್ ಹೇಳಿಟ್ಟ ಗಂಡಸು, ಊರೆಲ್ಲ ಪ್ರಾರ್ಥನೆಯಲ್ಲಿರುವ ಹೊತ್ತು ನೋಡಿಕೊಂಡು ಬಂದೇ ಬರುತ್ತಾನೆ ಎನಿಸಿತ್ತು. ಗೋಡೆಯ ಮರೆಯಲ್ಲಿ ನಿಂತೆ. ನದಿಯ ಕಡೆಯಿಂದ ಗಾಳಿ ಕಲ್ಲಿದ್ದಲ ಹೊಗೆ ಹೊತ್ತು ತರುತ್ತಿತ್ತು. ನನ್ನ ಹಸಿರು ಉಣ್ಣೆಯ ಮೇಲಂಗಿಯ ಕುಲಾವಿಯನ್ನು ತಲೆಯ ಮೇಲೆ ಎಳೆದುಕೊಂಡೆ.

ಅವನು ಬಂದ. ಸಮವಸ್ತ್ರ ಇರಲಿಲ್ಲ, ಸಾದಾ ಕಪ್ಪು ಕೋಟು. ಮಾಲ್ವೀನೆಯ ಗೋರಿಯ ಹಸಿ ಮಣ್ಣಿನ ಮುಂದೆ ಟೋಪಿ ತೆಗೆದು ನಿಂತ. ಹೂವು ತಂದಿರಲಿಲ್ಲ. ತಂದರೆ ಯಾರಾದರೂ ಕೇಳಿಯಾರು.

ಹತ್ತಿರ ಹೋದೆ. "ಎಷ್ಟು ದಿನದಿಂದ, ಇನ್ಸ್‌ಪೆಕ್ಟರ್?"

ವೀಗಾಂಟ್ ಬೆಚ್ಚಿ ತಿರುಗಿದ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವನ ಮುಖ ಗಟ್ಟಿಯಾಯಿತು.

"ನಿಮಗೇನು ಸಂಬಂಧ?"

"ಗುರುವಾರ ಯಾರೂ ಮತದಾನದ ಮಾತೇ ಎತ್ತಲಿಲ್ಲವಂತೆ. ಮಕ್ಕಳ ಹಾಲಿನ ವಿಷಯ ನಡೀತಾ ಇತ್ತಂತೆ. ಹಾಲಿನ ಮಾತಿಗೆ ಹೆಲ್ಮೆಟ್ ಹಾಕಿಕೊಂಡ ಪೊಲೀಸ್ ಈ ದೇಶದಲ್ಲೇ ನೀವೊಬ್ಬರೇ ಇರಬೇಕು. ಇದನ್ನ ನಿಮ್ಮ ಮೇಲಧಿಕಾರಿಗೆ ಹೇಳಲಾ?"

ಅವನು ಗೋರಿಯ ಕಡೆ ನೋಡಿದ.

"ಎರಡು ವರ್ಷದಿಂದ," ಎಂದ. "ನಿಶ್ಚಯವಾಗಿತ್ತು. ನಮ್ಮಿಬ್ಬರಲ್ಲೇ."

"ಮದುವೆ ಯಾಕೆ ಆಗಲಿಲ್ಲ?"

"ನಿಮಗೆ ಗೊತ್ತಿಲ್ವಾ? ಮದುವೆಯಾದ ಶಿಕ್ಷಕಿ ಆ ದಿನವೇ ಶಾಲೆಯಿಂದ ಆಚೆ. ಪಾಠ ಹೇಳೋದು ಅಂದ್ರೆ ಅವಳಿಗೆ ಪ್ರಾಣ. ಕಾಯೋಣ ಅಂತ ನಾನೇ ಹೇಳ್ತಾ ಬಂದೆ. ಕಾನೂನು ಬದಲಾಗಲಿ ಅಂತ."

"ಆಮೇಲೆ?"

"ಈಸ್ಟರಿಗೆ ಶಾಲೆ ಬಿಡ್ತೀನಿ ಅಂತ ಅವಳೇ ತೀರ್ಮಾನ ಮಾಡಿಬಿಟ್ಟಳು. ಕಾದು ಸಾಕಾಗಿದೆ ಅಂದಳು." ಅದನ್ನು ಹೇಳುವಾಗ ಅವನ ದನಿಯಲ್ಲಿ ಸಂತೋಷ ಇರಲಿಲ್ಲ. ದುಃಖವೆಂದುಕೊಂಡೆ.

"ಹಾಗಿದ್ದರೆ ಆ ಸಂಜೆ ಸಭೆ ನಿಲ್ಲಿಸಿದ್ದು ಯಾಕೆ?"

"ಅವಳು ಕೇಳಿಕೊಂಡಳು."

"ಮಾಲ್ವೀನೆಯಾ?"

"ಹೌದು. ನಿಮಗೋಸ್ಕರ." ಆ ಮಾತನ್ನು ಅವನು ಉಗುಳುವಂತೆ ಹೇಳಿದ. "ಹಾಲಿನ ವಿಷಯ ಮುಗಿದ ಕೂಡಲೇ ನಿಮ್ಮನ್ನ ಸಂಘದಿಂದ ತೆಗೆಯೋ ಠರಾವು ಬರೋದಿತ್ತು. ಕೆಲಸದವಳ ವಿಷಯಕ್ಕೆ. ನಿಮ್ಮನ್ನ ಬೇಕಂತಲೇ ದೂರ ಕಳಿಸಿದ್ರು. ಎಲ್ಲರೂ ಕೈ ಎತ್ತೋಕೆ ತಯಾರಿದ್ರು. ತಡೆಯೋಕೆ ಮಾಲ್ವೀನೆ ಹತ್ತಿರ ಬೇರೆ ದಾರಿ ಇರಲಿಲ್ಲ. ಅಷ್ಟರೊಳಗೆ ಹೆಲ್ಮೆಟ್ ಹಾಕಿಬಿಡು, ಥೆಕ್ಲಾಗೆ ನಾನು ಬಿಟ್ಟರೆ ಯಾರೂ ಇಲ್ಲ ಅಂದಳು."

ಪಕ್ಕದ ಗೋರಿಯ ಕಬ್ಬಿಣದ ಬೇಲಿ ಹಿಡಿದುಕೊಂಡೆ.

ಗೆಳತಿಯರೆಂದುಕೊಂಡವರೆಲ್ಲ ಕೈ ಎತ್ತಲು ಕಾದಿದ್ದರು, ನಾನು ಸ್ಟೇಷನ್ನಿನಲ್ಲಿ ಯಾರೂ ಇಳಿಯದ ಗಾಡಿಗಳನ್ನು ನೋಡುತ್ತ ನಿಂತಿದ್ದಾಗ. ಒಬ್ಬಳು ಮಾತ್ರ ನನಗಾಗಿ ನಿಂತಿದ್ದಳು. ಅದು ನನಗೆ ಅವಳ ಗೋರಿಯ ಮುಂದೆ, ಅವಳ ಪೊಲೀಸನ ಬಾಯಿಂದ ತಿಳಿಯಿತು.

"ಅಳಬೇಡಿ," ಎಂದ ವೀಗಾಂಟ್. "ನೀವು ಅತ್ತರೆ ನನಗೆ ಸಹಿಸೋಕಾಗಲ್ಲ."

"ಯಾಕೆ?"

"ಯಾಕೆಂದರೆ ನಾನು ನಿಮ್ಮನ್ನ ನೋಡಿದ್ದೀನಿ."

ನಾನು ತಲೆಯೆತ್ತಿದೆ.

"ಹಿತ್ತಿಲಿನ ಗಾಜಿನ ಬಾಗಿಲಿಂದ," ಎಂದು ಅವನು ಒಂದು ಹೆಜ್ಜೆ ಮುಂದೆ ಬಂದ. "ಓಣಿಯಲ್ಲಿ ಮಂದ ಬೆಳಕು. ನೆಲಮಾಳಿಗೆಯ ಬಾಗಿಲು ತೆಗೆದಿತ್ತು. ಅದರ ಪಕ್ಕ ಒಬ್ಬಳು ನನಗೆ ಬೆನ್ನು ಹಾಕಿ ನಿಂತಿದ್ದಳು. ಇದೇ ಹಸಿರು ಮೇಲಂಗಿ, ಕುಲಾವಿ ತಲೆ ಮೇಲೆ. ಈ ಊರಲ್ಲಿ ಇಂಥ ಮೇಲಂಗಿ ಇನ್ಯಾರ ಹತ್ತಿರ ಇದೆ? ಮಾಲ್ವೀನೆ ಹಜಾರದಿಂದ ಬಂದಳು. ನನ್ನ ಕಡೆ ಕೈ ಬೀಸಿ, 'ಥೆಕ್ಲಾ ಬಂದುಬಿಟ್ಟಿದ್ದಾಳೆ, ಒಂದು ನಿಮಿಷ' ಅಂದಳು. ಎಷ್ಟು ಖುಷಿ ಅವಳ ಮುಖದಲ್ಲಿ! ಕನ್ನಡಕ ತೆಗೀತಾನೇ ನಿಮ್ಮ ಹತ್ತಿರ ಹೋದಳು. ನಾನು ಗಾಳಿಗೆ ಬೆನ್ನು ಮಾಡಿ ಸಿಗಾರ್ ಹಚ್ಚಿಕೊಂಡೆ. ಆಗ ಕೂಗು ಕೇಳಿಸ್ತು. ಒಳಗೆ ಓಡಿ ಬರೋ ಹೊತ್ತಿಗೆ ಓಣಿಯಲ್ಲಿ ಯಾರೂ ಇರಲಿಲ್ಲ."

ನಾನೆಂದುಕೊಂಡೇ ಅವಳು ಕನ್ನಡಕ ತೆಗೆದಿದ್ದಳು. ಅದಕ್ಕೇ ಎದುರಿಗಿದ್ದ ಮುಖ ಅವಳಿಗೆ ಕಾಣಲಿಲ್ಲ.

"ಅದು ನಾನಲ್ಲ," ಎಂದೆ.

"ನಾನು ಕಣ್ಣಾರೆ..."

"ಮೇಲಂಗಿ ನನ್ನದೇ ಇರಬೇಕು. ನಾನಲ್ಲ. ಆ ಸಂಜೆ ನಾನು ಸ್ಟೇಷನ್ನಿನಲ್ಲಿದ್ದೆ."

"ಯಾರು ನೋಡಿದ್ರು?"

ವೇಟಿಂಗ್ ರೂಮಿನಲ್ಲಿ ಒಂಟಿಯಾಗಿ ಕೂತ ನಡುವಯಸ್ಸಿನ ಹೆಂಗಸನ್ನು ಯಾರು ನೋಡುತ್ತಾರೆ? ನೋಡಿದರೂ ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಇಷ್ಟು ದಿನ ಸುಮ್ಮನಿದ್ದೆ," ಎಂದ ಅವನು. "ನಿಮ್ಮ ಹೆಸರು ಹೇಳಿದ್ರೆ ನಾನು ಹಿತ್ತಿಲಲ್ಲಿ ಏನು ಮಾಡ್ತಿದ್ದೆ ಅಂತಲೂ ಹೇಳಬೇಕಾಗುತ್ತೆ. ಈಗ ನೀವೇ ಎಲ್ಲ ಕೆದಕಿದ್ದೀರಿ. ನಾಳೆ ಬೆಳಿಗ್ಗೆ ಹೇಳಿಬಿಡ್ತೀನಿ. ನನ್ನ ಕೆಲಸ ಹೋದರೆ ಹೋಗಲಿ."

"ಅದರ ಅಗತ್ಯವಿಲ್ಲ, ಇನ್ಸ್‌ಪೆಕ್ಟರ್."

ಹಿಂದಿನಿಂದ ಬಂದ ದನಿ. ಫಿಲಿಪ್ಪಿನೆ ದಾರಿಯ ತಿರುವಿನಲ್ಲಿ ನಿಂತಿದ್ದಳು, ಕೈಯಲ್ಲಿ ಒಂದು ಸಣ್ಣ ಹೂಚಕ್ರ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಿಧಾನವಾಗಿ ಬಂದು ನನ್ನ ಪಕ್ಕ ನಿಂತಳು.

"ಥೆಕ್ಲಾ ಆ ಸಂಜೆ ನನ್ನ ಜೊತೆ ಇದ್ದಳು," ಎಂದಳು. "ನೀವು ನಮ್ಮನ್ನ ಆಚೆ ಅಟ್ಟಿದ ಕೂಡಲೇ ನಾನು ಕುದುರೆಗಾಡಿ ಮಾಡಿಕೊಂಡು ಸ್ಟೇಷನ್ನಿಗೆ ಹೋದೆ. ವೇಟಿಂಗ್ ರೂಮಿನಲ್ಲಿ ಇಬ್ಬರೂ ಕೂತು ಕಾಫಿ ಕುಡಿದೆವು. ಅಲ್ವಾ ಥೆಕ್ಲಾ?"

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

'ಹೌದು' ಎಂದರೆ ನಾನು ಉಳಿಯುತ್ತೇನೆ. ಅದೇ ಮಾತಿನಿಂದ ಫಿಲಿಪ್ಪಿನೆಯೂ ಉಳಿಯುತ್ತಾಳೆ. ಠರಾ­ವು ತಂದವಳು ಅವಳು, ನನ್ನನ್ನು ದೂರ ಕಳಿಸಿದವಳು ಅವಳು, ತನ್ನ ಸಭೆಯನ್ನು ಮಾಲ್ವೀನೆ ಮುರಿದಳೆಂದು ಕೋಪ ಬಂದಿರಬೇಕಾದವಳೂ ಅವಳೇ. ನನ್ನ ಮೇಲಂಗಿ ಎಲ್ಲಿ ನೇತಾಡುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಈ ಸುಳ್ಳು ಯಾರನ್ನು ಕಾಪಾಡಲು?

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಆ ಸಂಜೆ ಯಾರಾದರೂ ಬಂದು ಪಕ್ಕದಲ್ಲಿ ಕೂರಲಿ ಎಂದು ನಾನು ನಿಜವಾಗಿಯೂ ಹಂಬಲಿಸಿದ್ದೆ. ಅವಳ ಸುಳ್ಳನ್ನು ನಂಬಿಬಿಡಬೇಕೆಂದು ಮನಸ್ಸು ಒಂದು ಕ್ಷಣ ಕೇಳಿಕೊಂಡಿತು.

"ಹಾಗಾದರೆ ಹೇಳು ಫಿಲಿಪ್ಪಿನೆ," ಎಂದೆ. "ನಾನು ಆಗ ಏನು ಹಾಕಿಕೊಂಡಿದ್ದೆ?"

ಅವಳು ತಡವರಿಸುತ್ತಾಳೆಂದು ಕಾದೆ. ತಡವರಿಸಲಿಲ್ಲ.

"ಬೂದು ಬಣ್ಣದ ಕೋಟು. ನಿನ್ನ ಒಳ್ಳೆಯ ಕೋಟು, ಬರುವವಳಿಗೆ ಮರ್ಯಾದೆ ಮಾಡಬೇಕು ಅಂತ ಹಾಕಿಕೊಂಡಿದ್ದೆ. ಅವಳಿಗೆ ಹೂವು ತಂದಿದ್ದೆ. ಪಕ್ಕದ ಕುರ್ಚಿಯ ಮೇಲೆ ಛತ್ರಿ ಇಟ್ಟು ಜಾಗ ಹಿಡಿದಿದ್ದೆ. ಒಬ್ಬ ಮುದುಕ ಆ ಕುರ್ಚಿ ಕೇಳಿದ, ನೀನು ಕೊಡಲಿಲ್ಲ. ಹೂವು ಬಾಡ್ತಾ ಇತ್ತು, ನೀರು ತರಿಸಿ ಲೋಟದಲ್ಲಿ ಇಟ್ಟೆ." ಅವಳು ಹೂಚಕ್ರವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಗಾಜಿನ ಆಚೆ ನಿಂತು ನೋಡಿದೆ, ಥೆಕ್ಲಾ. ಮಾಡಿದ್ದು ತಪ್ಪಾಯ್ತು ಅಂತ ಹೇಳೋಕೆ ಬಂದಿದ್ದೆ. ಒಳಗೆ ಬರೋ ಧೈರ್ಯ ಆಗಲಿಲ್ಲ. ಆ ಕುರ್ಚಿಯಲ್ಲಿ ಕೂತಿದ್ದೆ ಅಂತ ಹೇಳಿದ್ದು ತಪ್ಪಾ? ಕೂರಬೇಕು ಅಂತಲೇ ಬಂದಿದ್ದೆ."

ಒಂದೊಂದು ಮಾತೂ ನಿಜ. ಬಾಡುತ್ತಿದ್ದ ಹೂವು, ಮುದುಕ, ಛತ್ರಿ, ಎಲ್ಲವೂ. ಮುದುಕ ಕುರ್ಚಿ ಕೇಳಿದ್ದು ಮಾಲ್ವೀನೆ ಬಿದ್ದ ಕೆಲವೇ ನಿಮಿಷದಲ್ಲಿ; ಸ್ಟೇಷನ್ನಿಗೂ ಹೋಟೆಲಿಗೂ ಇಡೀ ಊರಿನಷ್ಟು ಅಂತರ. ಅಲ್ಲಿ ನನ್ನನ್ನು ನೋಡಿದವಳು ಆ ಹೊತ್ತಿಗೆ ಹೋಟೆಲಿನಲ್ಲಿ ಮಾಲ್ವೀನೆಯನ್ನು ತಳ್ಳಿರಲು ಸಾಧ್ಯವಿಲ್ಲ.

ವೀಗಾಂಟನ ಕಡೆ ತಿರುಗಿದೆ. ಅವನ ಮುಖದ ಬಣ್ಣ ಹೋಗಿತ್ತು. ನನ್ನ ಮೇಲಿದ್ದ ಕೋಪ ಎಲ್ಲೂ ಇರಲಿಲ್ಲ. ಅವನು ನನ್ನ ಮೇಲಂಗಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತಿದ್ದ.

"ಆ ವಾರವೆಲ್ಲ ಈ ಮೇಲಂಗಿ ಸಲಹಾ ಕೋಣೆಯ ಮೊಳೆಗೆ ನೇತಾಡ್ತಿತ್ತು," ಎಂದೆ. "ಬೀಗ ಒಡೆಯದೇ ಯಾರೋ ಅದನ್ನ ತಗೊಂಡು ಹೋಗಿ, ಮತ್ತೆ ಅಲ್ಲೇ ನೇತುಹಾಕಿದ್ದಾರೆ. ಕೀಲಿ ಇರೋದು ಮೂರೇ ಜನರ ಹತ್ತಿರ. ನನ್ನದು ನನ್ನ ಹತ್ತಿರವೇ ಇತ್ತು. ಫಿಲಿಪ್ಪಿನೆ?"

"ನನ್ನದು ಇಲ್ಲೇ ಇದೆ." ಅವಳು ಕೈಚೀಲ ತೆರೆದು ತೋರಿಸಿದಳು.

"ಇನ್ನೊಂದು ಮಾಲ್ವೀನೆಯದು. ಅವಳ ಸಾಮಾನಿನಲ್ಲಿ ಸಿಗಲಿಲ್ಲ. ಇನ್ಸ್‌ಪೆಕ್ಟರ್, ಅವಳ ಕೀಲಿ ಎಲ್ಲಿ?"

ಅವನ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಖಾಲಿಯಾಗಿಯೇ ಹೊರಬಂತು.

"ನನಗೆ ಕೊಟ್ಟಿದ್ದಳು," ಎಂದ. "ಭಾನುವಾರ ಆ ಕೋಣೆಯಲ್ಲಿ ಯಾರೂ ಇರಲ್ಲ... ನಾವು ಅಲ್ಲಿ ಸೇರ್ತಿದ್ವಿ."

"ಈಗ ಎಲ್ಲಿದೆ?"

"ಕಾಣಿಸ್ತಿಲ್ಲ. ಅವಳು ಸಾಯೋದಕ್ಕೆ ಮುಂಚೆಯೇ ಜೇಬಿಂದ ಹೋಗಿತ್ತು. ಮನೆಯಲ್ಲೇ ಎಲ್ಲೋ ಬಿದ್ದಿರಬೇಕು ಅಂತ..."

"ನೀವು ಒಂಟಿ ಗಂಡಸು ಅಂತ ಊರೆಲ್ಲ ಹೇಳುತ್ತೆ. ನಿಮ್ಮ ಮನೆಯಲ್ಲಿ ನಿಮ್ಮ ಕೋಟಿನ ಜೇಬು ತಡಕೋಕೆ ಇನ್ಯಾರಿದ್ದಾರೆ?"

ಶಿಕ್ಷಕಿಯ ಮದುವೆಗೆ ಅಡ್ಡ ಬಂದ ಆ ಕಾನೂನನ್ನು ಎರಡು ವರ್ಷ ಅಷ್ಟು ತಾಳ್ಮೆಯಿಂದ ಅವನು ಯಾಕೆ ಒಪ್ಪಿಕೊಂಡಿದ್ದನೆಂಬುದು ನನಗೆ ಆಗ ಹೊಳೆಯತೊಡಗಿತು. ಆ ಕಾನೂನು ಅವನಿಗೆ ಅನುಕೂಲವಾಗಿತ್ತು.

"ಹೊಸ ವರ್ಷ ಕಳೆದ ಮೇಲೆ ಪೋಸೆನ್ ಊರಿಂದ ಬಂದಳು," ಎಂದ ವೀಗಾಂಟ್. ದನಿ ಕೇಳಿಸಿದ್ದೇ ಕಷ್ಟ. "ನಾನು ಕರೆದಿರಲಿಲ್ಲ. ಹೇಳದೆ ಕೇಳದೆ ಬಂದುಬಿಟ್ಟಳು."

"ಯಾರು?"

ಅವನು ಮಾಲ್ವೀನೆಯ ಗೋರಿಗೆ ಬೆನ್ನು ಹಾಕಿದ, ಅವಳಿಗೆ ಕೇಳಿಸಬಾರದು ಅನ್ನುವ ಹಾಗೆ.

"ನನ್ನ ಹೆಂಡತಿ."